ಬದುಕಿದ್ದವಳಿಗೆ ಒಪ್ಪಾರಿ

ನಾನು ಹಾಡಿ ಮುಗಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದಲ್ಲಿ ಕೂತಿದ್ದ, ಎಪ್ಪತ್ತು ದಾಟಿದ ನೋರಾ ಹಾಡಿನುದ್ದಕ್ಕೂ ಹಿಡಿದುಕೊಂಡಿದ್ದ ನನ್ನ ಕೈಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಎದ್ದು ಹೋಗಿ ಕಿಟಕಿ ತೆಗೆದರು. ಅಟ್ಲಾಂಟಿಕ್ ಸಮುದ್ರದ ಡಿಸೆಂಬರ್ ಗಾಳಿ ನೇರ ಒಳಕ್ಕೆ ನುಗ್ಗಿತು. ಮುಚ್ಚಿ ಎಂದು ಯಾರೂ ಹೇಳಲಿಲ್ಲ. ನೋರಾ ವಾಪಸು ಬಂದು, ನನ್ನ ಮುಖ ನೋಡದೆ, ತೀರಿಕೊಂಡವರು ಯಾರು ಎಂದು ಕೇಳಿದರು. ಅವರಿಗೆ ಕನ್ನಡದ ಒಂದಕ್ಷರವೂ ಬರುವುದಿಲ್ಲ.

ಇದು ನಡೆದದ್ದು ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇ ಎಂಬ ಊರಿನಲ್ಲಿ. ನಾನು ಹೊಸೂರಿನಾಚೆ, ತಮಿಳು ಸೀಮೆಯ ಡೆಂಕಣಿಕೋಟೆಯವನು, ಹೆಸರು ಮಾದೇಶ. ಇಲ್ಲಿ ಮಣ್ಣು ಮತ್ತು ನೀರಿನ ಬಗ್ಗೆ ಎಂಎಸ್ಸಿ ಓದುತ್ತಿದ್ದೇನೆ. ಬಂದ ವಾರದಲ್ಲೇ ಇವರು ನನ್ನ ಹೆಸರನ್ನು ಮ್ಯಾಡಿ ಎಂದು ಕತ್ತರಿಸಿಕೊಂಡರು. ಬೆಟ್ಟದ ದೇವರ ಹೆಸರಿಟ್ಟ ತಾತನಿಗೆ ಇದು ಗೊತ್ತಾಗಿದ್ದರೆ ನನ್ನ ಕಿವಿ ಹಿಂಡುತ್ತಿದ್ದರು. ಇಲ್ಲಿ ಯಾರನ್ನೇ ಆದರೂ ಹೆಸರು ಹಿಡಿದೇ ಕರೆಯಬೇಕು. ಅಜ್ಜಿ ಎನ್ನಬೇಕಾದವರನ್ನು ನೋರಾ ಎನ್ನಲು ನನಗೆ ಎರಡು ತಿಂಗಳು ಬೇಕಾಯಿತು. ಈಗಲೂ ಕನ್ನಡದಲ್ಲಿ ಬರೆಯುವಾಗ ಬಹುವಚನ ತಾನಾಗಿ ಬರುತ್ತದೆ.

ನಾವು ಐದು ಜನ ಒಂದೇ ಮನೆಯಲ್ಲಿದ್ದೇವೆ. ಆದರೂ ಮೊದಲ ತಿಂಗಳು ನಾನು ಒಬ್ಬನೇ ಇದ್ದಂತಿತ್ತು. ನಮ್ಮ ಡೆಂಕಣಿಕೋಟೆ ಮನೆಯ ಜಗಲಿಗೆ ಯಾರು ಬೇಕಾದರೂ ಬಂದು ಕೂರುತ್ತಾರೆ, ತಮಿಳಿನಲ್ಲಿ ಶುರುವಾದ ಮಾತು ತೆಲುಗಿಗೆ ಹೊರಳಿ ಕನ್ನಡದಲ್ಲಿ ಮುಗಿಯುತ್ತದೆ. ಇಲ್ಲಿ ಪಕ್ಕದ ಕೋಣೆಯವನು ಬಾಗಿಲು ತಟ್ಟುವ ಮೊದಲು ಮೆಸೇಜ್ ಕಳಿಸುತ್ತಾನೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಗೋಡೆಗೆ ಕೈಯಿಟ್ಟರೆ ಯಾರೋ ಬೆವರಿದ ಮೈ ಮುಟ್ಟಿದಂತಾಗುತ್ತದೆ. ಚಳಿಗಾಲ ಬಂದರೆ ಸಂಜೆ ನಾಲ್ಕೂವರೆಗೇ ಕತ್ತಲೆ. ಊರಿನಲ್ಲಿ ಲೌಡ್‌ಸ್ಪೀಕರ್, ಬಸ್ಸಿನ ಹಾರನ್, ಹೊಲಕ್ಕೆ ಇಳಿದ ಆನೆ ಓಡಿಸಲು ಹಚ್ಚುವ ಪಟಾಕಿ, ಹೀಗೆ ಸದಾ ಏನಾದರೊಂದು ಸದ್ದು. ಇಲ್ಲಿ ನನ್ನ ಕಿವಿಗೆ ಕೆಲಸವೇ ಇರಲಿಲ್ಲ. ಸದ್ದಿಲ್ಲದ ಮನೆಯಲ್ಲಿ ಕೂತರೆ ಏನೋ ಆಗಿಹೋಗಿದೆ, ನನಗೊಬ್ಬನಿಗೆ ಹೇಳಿಲ್ಲ ಅನಿಸುತ್ತಿತ್ತು.

ಮೊದಲು ಗೆಳೆಯನಾದವನು ಓವನ್. ನಮ್ಮ ಮನೆಯಲ್ಲೇ ಇದ್ದಾನೆ, ಪಿಟೀಲು ನುಡಿಸುತ್ತಾನೆ. ನಾನು ತಂದಿದ್ದ ರಾಗಿ ಹಿಟ್ಟಿನಲ್ಲಿ ಒಂದು ಭಾನುವಾರ ಮುದ್ದೆ ಕಟ್ಟಿದೆ. ಅಗಿಯಬೇಡ, ನುಂಗು ಎಂದೆ. ಅವನು ಕಣ್ಣು ಮುಚ್ಚಿ ನುಂಗಿದ, ಇನ್ನೊಂದು ತುತ್ತಿಗೆ ಕೈ ಹಾಕಿದ. ಆ ದಿನ ನನಗಾದ ಸಂತೋಷ ಪರೀಕ್ಷೆ ಪಾಸಾದಾಗಲೂ ಆಗಿಲ್ಲ. ಅದಕ್ಕೆ ಪ್ರತಿಯಾಗಿ ಅವನು ನನ್ನನ್ನು ಸೆಷನ್ನಿಗೆ ಕರೆದುಕೊಂಡು ಹೋದ.

ಸೆಷನ್ ಎಂದರೆ ಸಂಗೀತ ಕಛೇರಿಯಲ್ಲ, ನಮ್ಮ ಹೊಸೂರಿನ ಆರ್ಕೆಸ್ಟ್ರಾ ಅಂತೂ ಅಲ್ಲವೇ ಅಲ್ಲ. ವೇದಿಕೆ ಇಲ್ಲ, ಮೈಕಿಲ್ಲ, ಮುಂದಿನ ಹಾಡು ಯಾವುದೆಂದು ಕೂಗಿ ಹೇಳುವವರಿಲ್ಲ. ಪಬ್ಬಿನ ಮೂಲೆಯಲ್ಲಿ ಏಳೆಂಟು ಜನ ಒಂದು ಮೇಜಿನ ಸುತ್ತ, ಜನರಿಗೆ ಬೆನ್ನು ಹಾಕಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುತ್ತಾರೆ. ನಮ್ಮಲ್ಲಿ ಸಂಗೀತ ಮೂರು ಊರಿಗೆ ಕೇಳಿಸಬೇಕು. ಇಲ್ಲಿ ಮೇಜಿನಾಚೆ ದಾಟಿದರೆ ಅದು ಕೇಳುವವರ ಅದೃಷ್ಟ. ನಾನು ಕುಡಿಯುವುದಿಲ್ಲ. ಟೀ ಕೇಳಿದೆ, ಒಂದು ಕೆಟಲ್ ತುಂಬ ಕೊಟ್ಟರು, ಯಾರೂ ನಗಲಿಲ್ಲ. ಇಂಥ ಹೊತ್ತನ್ನು ಇವರು ಕ್ರಾಕ್ ಎನ್ನುತ್ತಾರೆ. ಮಾತು, ನಗು, ಸಂಗೀತ ಎಲ್ಲ ಸೇರಿದ ಖುಷಿ ಅದು. ಪ್ರತಿ ಭಾನುವಾರ ಮಧ್ಯಾಹ್ನ ಹೋಗತೊಡಗಿದೆ. ವಾರದ ಆರು ದಿನ ಆ ಮೂರು ಗಂಟೆಗಾಗಿ ಕಾಯುತ್ತಿದ್ದೆ.

ನಡುವೆ ಯಾರಾದರೂ ಒಬ್ಬರು ವಾದ್ಯವಿಲ್ಲದೆ ಹಾಡುತ್ತಾರೆ. ಈ ಹಳೆಯ ಬಗೆಯ ಹಾಡಿಕೆಗೆ ಷಾನ್ ನೋಸ್ ಎಂದು ಹೆಸರು. ಹಾಡುವವರು ಕಣ್ಣು ಮುಚ್ಚಿಕೊಂಡಿರುತ್ತಾರೆ, ಪಕ್ಕದವರು ಅವರ ಕೈ ಹಿಡಿದು ಹಾಡಿನ ಜೊತೆ ನಿಧಾನ ತಿರುಗಿಸುತ್ತಾರೆ. ಮೊದಲ ಸಲ ನೋರಾ ಹಾಗೆ ಹಾಡಿದಾಗ ನನ್ನ ಮೈ ಜುಮ್ಮೆಂದಿತು. ಸುತ್ತ ಕೂತ ಜನ, ಹೊರಗೆ ಬೆನ್ನು, ಕೈಯೊಳಗೆ ಕೈ, ಎಳೆದೆಳೆದು ಹೇಳುವ ಸಾಲು. ಇದನ್ನು ನಾನು ಒಂದೇ ಒಂದು ಕಡೆ ನೋಡಿದ್ದೆ, ಸಾವಿನ ಮನೆಯಲ್ಲಿ.

ಇಲ್ಲಿ ನನ್ನ ದೊಡ್ಡವ್ವನ ವಿಷಯ ಹೇಳಬೇಕು. ಅವಳು ನಮ್ಮ ಅಪ್ಪನ ಅಣ್ಣನ ಹೆಂಡತಿ, ನಮ್ಮೊಂದಿಗೇ ಇರುವವಳು, ಮನೆಯ ಯಜಮಾನಿಕೆಯೆಲ್ಲ ಅವಳದೇ. ಅಪ್ಪ ಹೊಸೂರಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಮೂವತ್ತು ಜನರನ್ನು ಹೆದರಿಸಿ ಬಂದು ಅವಳ ಮುಂದೆ ಬೆಕ್ಕಿನಮರಿ ಆಗುತ್ತಾರೆ. ದೊಡ್ಡವ್ವ ಒಪ್ಪಾರಿ ಹಾಡುತ್ತಾಳೆ. ಒಪ್ಪಾರಿ ತಮಿಳಿನ ಮಾತು, ಸತ್ತವರನ್ನು ಕುರಿತು ಹೆಂಗಸರು ಭುಜಕ್ಕೆ ಭುಜ ಸೇರಿಸಿ ಸುತ್ತ ಕೂತು ಹಾಡುವ ಅಳು. ಜವಳಗಿರಿಯಿಂದ ಸೂಳಗಿರಿಯವರೆಗೆ ಎಲ್ಲಿ ಸಾವಾದರೂ ಅವಳಿಗೆ ಕರೆ ಬರುತ್ತದೆ. ತಮಿಳರ ಮನೆಯಾದರೆ ತಮಿಳಿನಲ್ಲಿ, ರೆಡ್ಡಿಗಳ ಮನೆಯಾದರೆ ತೆಲುಗಿನಲ್ಲಿ, ನಮ್ಮವರಾದರೆ ಕನ್ನಡದಲ್ಲಿ ಹಾಡುತ್ತಾಳೆ. ಸತ್ತವರಿಗೆ ಅರ್ಥವಾಗಬೇಕಲ್ಲ ಎನ್ನುತ್ತಾಳೆ. ಕಾಲೇಜಿನ ದಿನಗಳಲ್ಲಿ ಅವಳನ್ನು ಬೈಕಿನಲ್ಲಿ ಬಿಟ್ಟು ಬರುವುದು ನನ್ನ ಕೆಲಸ. ಚಪ್ಪರದ ಆಚೆ ಗಂಡಸರ ನಡುವೆ ಕೂತು ಕೇಳಿ ಕೇಳಿ ನನಗೆ ಪೂರ್ತಿ ಬಾಯಿಪಾಠವಾಗಿತ್ತು.

ಅವಳ ಕಟ್ಟಳೆಗಳು ಬಲು ಬಿಗಿ. ಬದುಕಿರುವವರ ಮನೆಯಲ್ಲಿ ಒಪ್ಪಾರಿ ಗುನುಗಲೂ ಬಾರದು. ಮರೆತ ಸಾಲು ನೆನಪು ಮಾಡಿಕೊಳ್ಳಬೇಕಾದರೆ ಹೊಲದ ಬದುವಿಗೆ ಹೋಗುತ್ತಾಳೆ. ಪ್ರತಿ ಸಾಲಿನ ಕೊನೆಗೆ ಸತ್ತವರನ್ನು ಕರೆಯುವ ಒಂದು ಜಾಗವಿದೆ, ಅಪ್ಪಯ್ಯ ಅಂತಲೋ ಅಕ್ಕಯ್ಯ ಅಂತಲೋ. ಆ ಜಾಗ ತುಂಬಿತೆಂದರೆ ಹಾಡು ಅವರದಾಯಿತು, ವಾಪಸು ತೆಗೆದುಕೊಳ್ಳುವ ಹಾಗಿಲ್ಲ. ನಾನೊಮ್ಮೆ ಬಚ್ಚಲಲ್ಲಿ ಎರಡು ಸಾಲು ಗುನುಗಿದ್ದಕ್ಕೆ ಅವಳು ನನ್ನೊಂದಿಗೆ ಮೂರು ದಿನ ಮಾತು ಬಿಟ್ಟಿದ್ದಳು.

ಇಷ್ಟೆಲ್ಲ ಗೊತ್ತಿದ್ದವನು ಹೇಗೆ ಹಾಡಿದೆ ಎಂದು ನೀವು ಕೇಳಬಹುದು. ಇಲ್ಲಿ ನೋಬಲ್ ಕಾಲ್ ಎಂಬ ಪದ್ಧತಿಯಿದೆ. ಒಬ್ಬರು ಹಾಡಿ ಮುಗಿಸಿದ ಮೇಲೆ ಮುಂದೆ ಯಾರು ಹಾಡಬೇಕೆಂದು ಹೇಳುವ ಹಕ್ಕು ಅವರದೇ. ಹೆಸರು ಬಂದವರು ಒಲ್ಲೆ ಎನ್ನಬಾರದು. ಆ ಭಾನುವಾರ ಓವನ್ ಒಂದು ತಮಾಷೆಯ ಹಾಡು ಹೇಳಿ, ನನ್ನ ಕಡೆ ನೋಡಿ ಮ್ಯಾಡಿ ಎಂದುಬಿಟ್ಟ. ಸಿನಿಮಾ ಹಾಡೊಂದು ಹೇಳೋಣವೆಂದು ಬಾಯಿ ತೆರೆದೆ. ವಾದ್ಯವಿಲ್ಲದ ಆ ಮೌನದಲ್ಲಿ ಅದು ನಾಲಿಗೆಗೇ ಬರಲಿಲ್ಲ. ನೋರಾ ಆಗಲೇ ನನ್ನ ಕೈ ಹಿಡಿದಿದ್ದರು. ಬೆಚ್ಚನೆಯ, ಒರಟು ಕೈ. ಕಣ್ಣು ಮುಚ್ಚಿದೆ, ಒಳಗಿದ್ದದ್ದು ಹೊರಗೆ ಬಂತು.

ಹೊಲದಾಗೆ ರಾಗಿ ತೆನೆ ತೂಗ್ಯಾವು, ಕುಯ್ಯೋಳು ನೀನೆಲ್ಲಿ ಎಂದು ಶುರುವಾಗಿ, ಸಾಲಿನ ಕೊನೆಗೆ ಕರೆಯುವ ಜಾಗ ಬಂತು. ಮನೆಯಿಂದ ದೂರ ಇದ್ದವನ ಬಾಯಲ್ಲಿ ಆ ಹೊತ್ತಿಗೆ ಬರುವ ಮಾತು ಒಂದೇ. ದೊಡ್ಡವ್ವಾ ಎಂದೆ. ಪ್ರತಿ ಸಾಲಿಗೂ ಎಂದೆ, ಹನ್ನೆರಡು ಸಾಲಿಗೆ ಹನ್ನೆರಡು ಸಲ. ಕಣ್ಣು ತೆರೆದಾಗಲೇ ನಾನು ಏನು ಮಾಡಿದೆನೆಂದು ನನಗೆ ತಿಳಿದದ್ದು.

ನೋರಾ ಕೇಳಿದ ಪ್ರಶ್ನೆಗೆ, ಯಾರೂ ಸತ್ತಿಲ್ಲ, ಇದು ನಮ್ಮ ದೊಡ್ಡವ್ವನ ಹಾಡು, ಸತ್ತವರ ಜಾಗದಲ್ಲಿ ಅವಳನ್ನೇ ಕರೆದುಬಿಟ್ಟೆ ಎಂದೆ. ಅವರ ಅಜ್ಜಿಯ ಕಾಲದಲ್ಲಿ ಇಲ್ಲಿಯೂ ಹೆಂಗಸರು ಸಾವಿನ ಮನೆಗೆ ಹೋಗಿ ಹೀಗೆ ಅಳುತ್ತಿದ್ದರಂತೆ, ಅದಕ್ಕೆ ಕೀನಿಂಗ್ ಎನ್ನುತ್ತಿದ್ದರಂತೆ. ಈಗ ಹಾಡುವವರಿಲ್ಲ. ಆ ದನಿ ಕೇಳಿದರೆ ಕಿಟಕಿ ತೆಗೆಯಬೇಕು, ಜೀವ ಹೋಗಲು ದಾರಿ ಬೇಕು, ಅಷ್ಟು ಮಾತ್ರ ಅವರಿಗೆ ಉಳಿದಿತ್ತು. ಭಾಷೆ ತಿಳಿಯದಿದ್ದರೂ ಕೈ ತಾನಾಗಿ ಕಿಟಕಿಗೆ ಹೋಯಿತು ಎಂದರು. ಕೊನೆಗೆ, ದೊಡ್ಡವ್ವನಿಗೆ ಫೋನ್ ಮಾಡು, ಮಾಡಿದ್ದನ್ನು ಹೇಳು, ಮುಚ್ಚಿಡಬೇಡ ಎಂದರು.

ಆಗ ಊರಿನಲ್ಲಿ ರಾತ್ರಿ ಒಂಬತ್ತೂವರೆ, ದೊಡ್ಡವ್ವ ಮಲಗಿರುವ ಹೊತ್ತು. ಮರುದಿನ ಬೆಳಿಗ್ಗೆ ಮಾಡಿದೆ. ಅಪ್ಪ ಎತ್ತಿದರು. ದೊಡ್ಡವ್ವ ಜವಳಗಿರಿಯಲ್ಲಿ ಯಾರದೋ ಸಾವಿಗೆ ಭಾನುವಾರವೇ ಹೋಗಿದ್ದಾಳೆ, ರಸ್ತೆಯಲ್ಲಿ ಆನೆಗಳು ನಿಂತಿವೆಯೆಂದು ಬಸ್ಸು ಬಿಟ್ಟಿಲ್ಲ, ಅಲ್ಲಿ ಸಿಗ್ನಲ್ಲೂ ಇಲ್ಲ ಎಂದರು. ಅವರ ದನಿಯಲ್ಲಿ ಗಾಬರಿ ಇರಲಿಲ್ಲ. ಗಾಬರಿಯೆಲ್ಲ ನನ್ನದು. ಎರಡು ದಿನ ನಾನು ಊಟ ಮಾಡಿದ ನೆನಪಿಲ್ಲ. ಓವನ್ ಬಾಗಿಲು ತಟ್ಟದೆ ಒಳಗೆ ಬಂದು ಕೂತ. ಹಾಗೆ ಬಂದದ್ದು ಅದೇ ಮೊದಲು. ಅವನಿಗೆ ಎಲ್ಲ ಹೇಳಿದೆ. ಬರೀ ಹಾಡು ತಾನೆ ಎಂದು ಅವನು ಹೇಳಬಹುದೆಂದು ಕಾದೆ. ಅವನು ಹೇಳಲಿಲ್ಲ.

ಬುಧವಾರ ಅಪ್ಪನ ಫೋನ್ ಬಂತು. ದೊಡ್ಡವ್ವ ಮನೆ ಸೇರಿದ್ದಾಳೆ, ಆದರೆ ಗಂಟಲು ಪೂರ್ತಿ ಹೋಗಿದೆ ಎಂದರು. ಭಾನುವಾರ ರಾತ್ರಿ ಹಾಡುತ್ತಿದ್ದವಳಿಗೆ ನಡುವೆ ದನಿಯೇ ಬರಲಿಲ್ಲವಂತೆ. ಇಷ್ಟು ವರ್ಷದಲ್ಲಿ ಹಾಗಾಗಿರಲಿಲ್ಲ. ಮಂಜಿಗೆ ಶೀತ ಹಿಡಿದಿರಬೇಕು ಎಂದು ಅಪ್ಪನ ಅಂದಾಜು. ಎಷ್ಟು ಗಂಟೆಗೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ, ಕೇಳಲೂ ಇಲ್ಲ.

ದೊಡ್ಡವ್ವನಿಗೆ ಕೊಡಿ ಎಂದೆ. ಎಲ್ಲ ಹೇಳಿದೆ, ಪಬ್ಬು, ನೋಬಲ್ ಕಾಲ್, ನೋರಾ, ಕಿಟಕಿ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಒಣ ಎಲೆ ತುಳಿದಂಥ ಪಿಸುದನಿಯಲ್ಲಿ ಕೇಳಿದಳು.

“ಯಾರ್ನ ಕರದೆ ಅಲ್ಲಿ?”

“ನಿನ್ನೇ ದೊಡ್ಡವ್ವ. ತಪ್ಪಾಯ್ತು.”

“ಎಲ್ಲಾ ಸಾಲ್ಗೂ?”

“ಹ್ಞೂಂ.”

ನಾನು ಅಳುತ್ತಿದ್ದೆ. ಅವಳು ನಿಧಾನವಾಗಿ, “ಹಾಡು ಕಣ್ಲಾ, ಕೇಳ್ತೀನಿ. ಮನೆ ಒಳಗ್ ಬ್ಯಾಡ, ಆಚೆ ಹೋಗು” ಎಂದಳು.

ಒಲ್ಲೆ ಎಂದೆ. ಬೇಡಿಕೊಂಡೆ. ಹಾಡು ತನ್ನದಾಗಿ ಹೋಗಿದೆ, ಅರ್ಧಂಬರ್ಧವಾಗಿದೆಯೋ ಹೇಗೋ ತಾನು ಕೇಳಬೇಕು ಎಂದು ಹಟ ಹಿಡಿದಳು. ನಾನು ಜಾಕೆಟ್ ಹಾಕಿಕೊಂಡು ಸಮುದ್ರದ ಕಲ್ಲುಕಟ್ಟೆಯ ಹತ್ತಿರ ಹೋದೆ. ಮಟಮಟ ಮಧ್ಯಾಹ್ನ, ಆದರೂ ಆಕಾಶ ಬೂದಿ ಬಣ್ಣ, ಒಂದು ನರಪಿಳ್ಳೆ ಇಲ್ಲ. ಬದುಕಿರುವ ಹೆಂಗಸೊಬ್ಬಳ ಕಿವಿಗೆ ಅವಳ ಸಾವನ್ನು ಹಾಡಿದೆ. ಅಲೆಯ ಸದ್ದಿನ ಆಚೆ ಅವಳು ಹ್ಞೂಂಗುಟ್ಟುತ್ತಿದ್ದಳು. ಪ್ರತಿ ಸಲ ದೊಡ್ಡವ್ವಾ ಎಂದು ಕರೆದಾಗಲೂ ಆ ಕಡೆಯಿಂದ ಹ್ಞೂಂ ಬರುತ್ತಿತ್ತು. ಸತ್ತವರು ಒಮ್ಮೆಯೂ ಓಗೊಟ್ಟದ್ದನ್ನು ನಾನು ಕೇಳಿರಲಿಲ್ಲ. ಆದರೂ ನಿಲ್ಲಿಸಲಿಲ್ಲ.

ಮುಗಿದ ಕೂಡಲೇ ಅವಳು ತಪ್ಪು ಹಿಡಿದಳು.

“ಮೂರ್ನೆ ಸಾಲು ಓಡಿಸ್ಬುಟ್ಟೆ ಕಣ್ಲಾ. ಅಲ್ಲಿ ಉಸ್ರು ಹಿಡೀಬೇಕು.”

ಮೂರನೆಯ ಸಾಲನ್ನು ಇನ್ನೊಮ್ಮೆ ಹಾಡಿದೆ. ಈಗ ಸರಿಯಾಯಿತು ಎಂದಳು. ಆಮೇಲೆ ಹೇಳಿದ್ದನ್ನು ನಾನು ಹಾಗೇ ಬರೆಯುತ್ತೇನೆ.

“ನಂಗೆ ಹೆಣ್ಮಕ್ಳಿಲ್ಲ. ಊರೋರ್ಗೆಲ್ಲಾ ಹಾಡ್ದೆ, ನಂಗ್ಯಾರು ಹಾಡ್ತಾರೆ ಅನ್ನೋದೊಂದಿತ್ತು. ಈಗ ಕೇಳ್ದೆ. ನಾ ಹೋದಾಗ ಪ್ಲೇನು ಗೀನು ಅಂತ ಒದ್ದಾಡ್ಬ್ಯಾಡ ಕಣ್ಲಾ ಮಾದೇಶ. ನಿಂದು ಮುಗೀತು.”

ಅವಳು ನನ್ನ ಹೊರೆ ಇಳಿಸಲೆಂದೇ ಹೇಳಿದಳು, ಅದು ನನಗೆ ಗೊತ್ತು. ಇಲ್ಲಿರುವ ನಮ್ಮಂಥವರೆಲ್ಲರ ಎದೆಯಲ್ಲಿರುವ ಭಯ ಅದೇ, ಊರಿನಿಂದ ಆ ಫೋನ್ ಬಂದರೆ ಎರಡು ವಿಮಾನ ಹತ್ತಿ ಇಳಿಯುವಷ್ಟರಲ್ಲಿ ಮಣ್ಣು ಮುಗಿದಿರುತ್ತದೆ ಎಂಬುದು. ನನಗೆ ಆ ಭಯ ಇನ್ನು ಇರಬಾರದು. ಆದರೂ ಅವಳ ಮಾತು ಕೇಳಿದಾಗ ನನಗೆ ಸಮಾಧಾನವಾಗಲಿಲ್ಲ. ಮನೆಯ ಒಂದು ಬಾಗಿಲು ನನ್ನ ಪಾಲಿಗೆ ಮುಚ್ಚಿದಂತಾಯಿತು.

ಅವಳ ಗಂಟಲು ವಾರದಲ್ಲಿ ಸರಿಹೋಯಿತು. ಸ್ವೆಟರ್ ಹಾಕಿಕೋ ಎಂದು ಬಯ್ಯುತ್ತಾಳೆ, ಅಪ್ಪನ ಮೇಲೆ ಚಾಡಿ ಹೇಳುತ್ತಾಳೆ, ನಗುತ್ತಾಳೆ. ಇಲ್ಲಿ ನಾನು ಭಾನುವಾರಗಳಂದು ಮೇಜಿನ ಸುತ್ತ ಕೂರುತ್ತೇನೆ. ಅವರು ನನ್ನನ್ನು ತಮ್ಮವನೆಂದೇ ಜಾಗ ಬಿಡುತ್ತಾರೆ, ಹಾಡು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಜೂನಿನಲ್ಲಿ ಊರಿಗೆ ಬರುತ್ತಿದ್ದೇನೆ. ಡೆಂಕಣಿಕೋಟೆಯಲ್ಲಿ ಬಸ್ಸಿಳಿದು ಮನೆಗೆ ನಡೆಯುತ್ತೇನೆ. ಬಾ ಮಗ ಎಂದು ಬಾಗಿಲು ತೆಗೆಯುವವಳು, ನಾನು ಆಗಲೇ ಕಳಿಸಿಕೊಟ್ಟವಳು.