ಡಿ ಡ್ರೈವಿನಲ್ಲಿದ್ದ ಕೊಕ್ಕರೆಗಳು

ನಮ್ಮ ಚಿಕ್ಕಮ್ಮನಿಗೆ ಹೆದರಿಕೆಯಾದರೆ ನಗು ಬರುತ್ತದೆ. ಹಲ್ಲು ಕೀಳಿಸಿಕೊಳ್ಳಲು ಹೋದಾಗ ನಕ್ಕಿದ್ದಾಳೆ. ಚಿಕ್ಕಪ್ಪ ಮೊದಲ ಸಲ ಕಾರು ಓಡಿಸಿದ ದಿನ ಸಿರುಗುಪ್ಪದಿಂದ ಬಳ್ಳಾರಿಯವರೆಗೂ ನಕ್ಕಿದ್ದಾಳೆ. ಆದ್ದರಿಂದ ಆ ಶನಿವಾರ ಬೆಳಿಗ್ಗೆ ಅವಳು ಕಂಪ್ಯೂಟರ್ ಮುಂದೆ ಕೂತು ಕಿಸಕ್ಕನೆ ನಕ್ಕಾಗ ಅದು ಖುಷಿಯ ನಗುವಲ್ಲವೆಂದು ನನಗೆ ಗೊತ್ತಿತ್ತು.

ಚಿಕ್ಕಮ್ಮ ಸಿರುಗುಪ್ಪದ ಮನೆಯ ಮುಂದಿನ ಕೋಣೆಯಲ್ಲಿ ಕೂತು ರವಿಕೆಗಳಿಗೆ ಕಸೂತಿ ಹಾಕುತ್ತಾಳೆ. ಕೈಯಿಂದಲ್ಲ, ಯಂತ್ರದಿಂದ. ಚಿತ್ರವನ್ನು ಕಂಪ್ಯೂಟರಿನಲ್ಲಿ ಗೆರೆಗೆರೆಯಾಗಿ ಬರೆದು, ಪೆನ್‌ಡ್ರೈವಿಗೆ ಹಾಕಿ ಯಂತ್ರಕ್ಕೆ ಸಿಕ್ಕಿಸಿದರೆ ಸೂಜಿ ತಾನೇ ಹೊಲಿದುಕೊಂಡು ಹೋಗುತ್ತದೆ. ಪೇಟೆಯಲ್ಲಿ ಸಿಗುವ ಡಿಸೈನುಗಳು ಅವಳಿಗೆ ಹಿಡಿಸುವುದಿಲ್ಲ. ಕೆಂಚನಗುಡ್ಡದ ಹಳೆಯ ಕಲ್ಲುಗಳ ಮೇಲಿನ ಬಳ್ಳಿ, ಹೊಳೆದಂಡೆಯ ಕೊಕ್ಕರೆ, ಭತ್ತದ ತೆನೆ, ಎಲ್ಲವನ್ನೂ ಫೋನಿನಲ್ಲಿ ಫೋಟೋ ಹಿಡಿದು ತಂದು ವಾರಗಟ್ಟಲೆ ಕೂತು ತಾನೇ ಬರೆಯುತ್ತಾಳೆ. ವರ್ಷಗಟ್ಟಲೆ ಹಾಗೆ ಬರೆದದ್ದೆಲ್ಲ ಆ ಕಂಪ್ಯೂಟರಿನ ಡಿ ಡ್ರೈವಿನಲ್ಲಿತ್ತು. ಹೊಲಿದಾದ ಮೇಲೆ ಪೆನ್‌ಡ್ರೈವಿನಿಂದ ಅಳಿಸಿಬಿಡುತ್ತಿದ್ದಳು, ಹಾಗಾಗಿ ಬೇರೆಲ್ಲೂ ಇರಲಿಲ್ಲ.

ನಾನು ಬಳ್ಳಾರಿಯ ಪಾರ್ವತಿನಗರದವಳು, ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಆಗ ನನಗೆ ಲಿನಕ್ಸಿನ, ಅಂದರೆ ವಿಂಡೋಸಿನಂತೆಯೇ ಕಂಪ್ಯೂಟರ್ ನಡೆಸುವ, ಪುಕ್ಕಟೆ ಸಿಗುವ ಇನ್ನೊಂದು ವ್ಯವಸ್ಥೆಯ ಹುಚ್ಚು ಹೊಸದಾಗಿ ಹಿಡಿದಿತ್ತು. ಕಂಡವರ ಕಂಪ್ಯೂಟರನ್ನೆಲ್ಲ ಉದ್ಧಾರ ಮಾಡುವ ಉತ್ಸಾಹ.

"ನಿನ್ನ ಕಂಪ್ಯೂಟರ್ ಭಾಳ ಮೆತ್ತಗ ಆಗೇತಿ ಚಿಕ್ಕಮ್ಮ. ಹಳೇದು ಇದ್ದಂಗ ಇರಲಿ, ಅದರ ಬಾಜೂಕ ಇದನ್ನ ಹಾಕಿಕೊಡ್ತೀನಿ. ಹೆಂಗ ಓಡತೈತಿ ನೋಡು."

"ಏನರ ಹಾಕು, ನನ್ನ ಡಿಸೈನ್ ಒಂದ್ ಮುಟ್ಟಬ್ಯಾಡ" ಎಂದಿದ್ದಳು ಚಿಕ್ಕಮ್ಮ.

ಆ ಶನಿವಾರ ಅದನ್ನು ಹಾಕಲು ಕೂತಾಗ ಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಕೊನೆಯಲ್ಲಿ ಬೂಟ್‌ಲೋಡರನ್ನು ಎಲ್ಲಿ ಹಾಕಬೇಕೆಂದು ಪರದೆ ಕೇಳಿತು. ಕಂಪ್ಯೂಟರ್ ಶುರುವಾದಾಗ ಯಾವ ವ್ಯವಸ್ಥೆ ಬೇಕೆಂದು ಕೇಳುವ ಪುಟ್ಟ ಪ್ರೋಗ್ರಾಮು ಅದು. ಈ ಕಂಪ್ಯೂಟರಿನಲ್ಲಿ ಅದು ಡಿಸ್ಕಿನ ತೀರ ಮೊದಲಲ್ಲಿ ಕೂರಬೇಕಿತ್ತು. ಪಟ್ಟಿಯಲ್ಲಿ ಇಡೀ ಡಿಸ್ಕಿನ ಹೆಸರೂ ಇತ್ತು, ಡಿ ಡ್ರೈವೂ ಸೇರಿ ಅದರ ಒಂದೊಂದು ಭಾಗದ ಹೆಸರೂ ಇತ್ತು. ಭಾಗದ ಹೆಸರಿನ ಕೊನೆಗೆ ಒಂದು ಅಂಕಿ ಇರುತ್ತದೆ, ಇಡೀ ಡಿಸ್ಕಿನ ಹೆಸರಿಗೆ ಇರುವುದಿಲ್ಲ, ವ್ಯತ್ಯಾಸ ಅಷ್ಟೇ. ಗಣಿತದ ಟೀಚರಾದ ನಾನು ಅಂಕಿ ನೋಡದೆ ಒತ್ತಿದೆ.

ಮತ್ತೆ ಶುರು ಮಾಡಿದಾಗ ಹೊಸದರ ಸುಳಿವೇ ಇಲ್ಲ, ಹಳೆಯದೇ ಬಂತು. ಚಿಕ್ಕಮ್ಮ ಎಂದಿನಂತೆ ಡಿ ಡ್ರೈವ್ ತೆರೆಯಲು ಹೋದಳು.

"ಇದೇನೋ ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳಾಕತ್ತೈತಿ. ಹೂಂ ಅನ್ಲಾ?"

"ಬ್ಯಾಡಾ!" ನಾನು ಕಿರುಚಿ ಅವಳ ಕೈಯನ್ನೇ ಹಿಡಿದುಕೊಂಡೆ. ಬೂಟ್‌ಲೋಡರ್ ಹೋಗಿ ಕೂತದ್ದು ಡಿ ಡ್ರೈವಿನ ಮೊದಲ ಪುಟದ ಮೇಲೆ. ನನ್ನ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು. ಗಾಬರಿಗೆ ತವರಿನ ತೆಲುಗು ಬಾಯಿಗೆ ಬಂತು. "ಅಯ್ಯೋ ದೇವುಡಾ, ಅನ್ನೀ ಪೋಯಾಯಾ?" ಎಲ್ಲ ಹೋದವಾ ಎಂದು ಕೇಳಿದ್ದೇ ಕಿಸಕ್ಕೆಂದಳು.

ಯಂತ್ರದ ಮೇಲೆ ತೆಕ್ಕಲಕೋಟೆಯ ಮದುಮಗಳ ರವಿಕೆ ಇತ್ತು, ಸೋಮವಾರ ಕೊಡಬೇಕಾದದ್ದು. ಬೆನ್ನ ಮೇಲೆ ಎದುರುಬದುರು ಎರಡು ಕೊಕ್ಕರೆ ಬರಬೇಕು. ಒಂದು ಮುಗಿದಿತ್ತು. ಅದು ಖಾಲಿ ಬಟ್ಟೆಯನ್ನು ನೋಡುತ್ತ ಒಂಟಿಕಾಲಿನಲ್ಲಿ ನಿಂತಿತ್ತು. ಅದನ್ನು ನೋಡಿ ಚಿಕ್ಕಮ್ಮನ ನಗು ಇನ್ನೂ ಜೋರಾಯಿತು. ಅಳು ಬರುವಂತಿದ್ದ ನನಗೂ ನಗು ಅಂಟಿತು.

ಕುರುಗೋಡಿನ ಕಾಲೇಜೊಂದರಲ್ಲಿ ನನ್ನ ಗೆಳತಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾಳೆ. ಅವಳಿಗೆ ಫೋನ್ ಮಾಡಿದೆ.

"ಇನ್ನೇನೂ ಮುಟ್ಟಬ್ಯಾಡ. ಆಫ್ ಮಾಡು, ಡಬ್ಬಿ ಎತ್ಕೊಂಡು ಸೀದಾ ಇಲ್ಲಿಗೆ ಬಾ" ಎಂದಳು.

ಕಂಪ್ಯೂಟರಿನ ಡಬ್ಬಿಗೆ ಹಳೆಯ ಹತ್ತಿ ಸೀರೆ ಸುತ್ತಿಕೊಂಡು ಬಸ್ಸು ಹತ್ತಿದೆವು. ಚಿಕ್ಕಮ್ಮ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಸ್ಸು ಕುಲುಕಿದಾಗಲೆಲ್ಲ ಎದೆಗೆ ಅವುಚಿಕೊಳ್ಳುತ್ತಿದ್ದಳು. ಕಂಡಕ್ಟರ್ ನಮ್ಮ ಸೀಟಿನ ಹತ್ತಿರ ನಿಂತವನು ಹೇಳಿದ: "ಮಕದ ಮ್ಯಾಗಿನ ಅರಿವಿ ತಗೀರಮ್ಮ, ಕೂಸಿಗೆ ಉಸಿರು ಕಟ್ಟತೈತಿ."

ಚಿಕ್ಕಮ್ಮ ಸೀರೆ ಸರಿಸಿ ತೋರಿಸಿದಳು. ಅವನು ಬಗ್ಗಿ ಗುಂಡಿಯನ್ನೂ ತೂತುಗಳನ್ನೂ ನೋಡಿ, "ಏನಾಗೇತ್ರಿ ಇದಕ್ಕ?" ಎಂದ.

"ನೆನಪು ಹೋಗೇತ್ರಿ" ಎಂದೆ.

"ಆರಾಮಾಗತೈತಿ ಬಿಡ್ರಿ" ಎಂದು ಗಂಭೀರವಾಗಿ ಹೇಳಿ ಮುಂದೆ ಹೋದ. ಮುಂದಿನ ಸ್ಟಾಪು ಬರುವ ತನಕ ನಾವಿಬ್ಬರೂ ಒಬ್ಬರ ಭುಜಕ್ಕೊಬ್ಬರು ಮುಖ ಒತ್ತಿಕೊಂಡು ನಕ್ಕೆವು.

ಗೆಳತಿ ನಗಲಿಲ್ಲ. ಡಿಸ್ಕನ್ನು ಬಿಚ್ಚಿ ತನ್ನ ಕಂಪ್ಯೂಟರಿಗೆ ಜೋಡಿಸಿ, ಮೊದಲು ಇಡೀ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಇನ್ನೊಂದು ಡಿಸ್ಕಿಗೆ ನಕಲು ಮಾಡಲು ಹಚ್ಚಿದಳು. "ಏನ್ ಮಾಡಿದ್ರೂ ನಕಲಿನ ಮ್ಯಾಗ ಮಾಡೋದು. ಅದು ಮುಗಿಯೋ ತನಕ ಊಟ ಮಾಡೋಣ ಬರ್ರಿ." ಮಂಡಕ್ಕಿ ವಗ್ಗರಣೆ, ಮಿರ್ಚಿ ಬಜ್ಜಿ ತರಿಸಿದಳು. ನಾನು ನಕಲು ಎಷ್ಟಾಯಿತೆಂದು ಎದ್ದೆದ್ದು ಹೋಗಿ ನೋಡುತ್ತಿದ್ದೆ. ಚಿಕ್ಕಮ್ಮ ನಾಲ್ಕು ಮಿರ್ಚಿ ತಿಂದಳು, ನಡುನಡುವೆ ನಗುತ್ತ.

ಊಟವಾದ ಮೇಲೆ ಗೆಳತಿ ಬಿಡಿಸಿ ಹೇಳಿದಳು. "ನೋಡ್ರಿ ಚಿಕ್ಕಮ್ಮ, ಡ್ರೈವಿನ ಮೊದಲನೇ ಪುಟದಾಗ ಯಾವುದು ಎಲ್ಲೈತಿ ಅಂತ ತಿಳಿಯೋ ಗುರುತು ಇರತೈತಿ. ಈಕಿ ಅದನ್ನ ಅಳಿಸ್ಯಾಳ. ನಿಮ್ಮ ಡಿಸೈನ್ ಎಲ್ಲಾ ಒಳಗ ಹಂಗ ಅದಾವು, ಹುಡುಕಾಕ ದಾರಿ ಇಲ್ಲ ಅಷ್ಟ. ಆದ್ರ ಆ ಪುಟದ್ದೊಂದು ನಕಲು ಡ್ರೈವಿನ ಕಟ್ಟಕಡೀಗೆ ಇರತೈತಿ."

"ನಾನೂ ಹಂಗ ಮಾಡ್ತೀನಲ್ಲ! ಅಳತಿ ಪುಸ್ತಕದಾಗೂ ಬರೀತೀನಿ, ಬಟ್ಟಿ ಅಂಚಿಗೂ ಚೀಟಿ ಹಚ್ಚತೀನಿ" ಎಂದಳು ಚಿಕ್ಕಮ್ಮ. ಅವಳ ಬೆನ್ನು ನೆಟ್ಟಗಾಯಿತು.

ಗೆಳತಿ ನಕಲು ಮಾಡಿದ ಡಿಸ್ಕಿನ ಮೇಲೆ ಒಂದು ಪ್ರೋಗ್ರಾಮು ನಡೆಸಿದಳು. ಕಪ್ಪು ಪರದೆಯ ಮೇಲೆ ಎರಡು ಸಾಲು ಬಂದವು: ಮೊದಲ ಪುಟ ಕೆಟ್ಟಿದೆ, ಕಾಯ್ದಿಟ್ಟ ನಕಲು ಸರಿಯಿದೆ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಕಲನ್ನು ಮೊದಲ ಪುಟದ ಜಾಗಕ್ಕೆ ಬರೆಯಲೇ ಎಂದು ಅದು ಕೇಳಿತು. ಗೆಳತಿ ಹೂಂ ಎಂದು ಒತ್ತಿ, ಡಿಸ್ಕನ್ನು ಒಮ್ಮೆ ತೆಗೆದು ಮತ್ತೆ ಸಿಕ್ಕಿಸಿದಳು.

ಬಂದವು. ಬಳ್ಳಿ, ತೆನೆ, ಮಾವಿನಕಾಯಿ, ನವಿಲು, ಸಾಲುಸಾಲಾಗಿ ಪರದೆ ತುಂಬಿದವು. "ನನ್ನ ಕೊಕ್ರಿ! ನನ್ನ ಕೊಕ್ರಿ!" ಎಂದು ಚಿಕ್ಕಮ್ಮ ಲ್ಯಾಬಿನಲ್ಲಿ ಕುಣಿದಾಡಿದಳು. ಎಣ್ಣೆ ಕೈಯಲ್ಲೇ ಗೆಳತಿಯ ಮುಖ ಹಿಡಿದು ಕೆನ್ನೆಗೆ ಮುತ್ತು ಒತ್ತಿದಳು, ನನ್ನ ತಲೆಗೊಂದು ಮೊಟಕಿ, ಮೊಟಕಿದ ಜಾಗಕ್ಕೂ ಮುತ್ತು ಕೊಟ್ಟಳು. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಗೆಳತಿ ಆಗ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ನಾನು ಮೂರು ಸಲ ಅದೇ ಕೊಕ್ಕರೆಯ ಕಡತ ತೆರೆದು, ಮುಚ್ಚಿ, ಮತ್ತೆ ತೆರೆದೆ.

ಆಮೇಲೆ ಗೆಳತಿ ಅದನ್ನೇ ಮೂಲ ಡಿಸ್ಕಿಗೂ ಮಾಡಿಕೊಟ್ಟಳು. ಭಾನುವಾರ ಮಧ್ಯಾಹ್ನ ಎರಡನೆಯ ಕೊಕ್ಕರೆ ಹೊಲಿದು ಮುಗಿಯಿತು. ರವಿಕೆ ಹೇಳಿದ ದಿನಕ್ಕೆ ತೆಕ್ಕಲಕೋಟೆಗೆ ಹೋಯಿತು.

ತಿಂಗಳಾದ ಮೇಲೆ ಚಿಕ್ಕಮ್ಮನೇ ಫೋನ್ ಮಾಡಿದಳು. "ಅವತ್ತಿಂದು ಅರ್ಧಕ್ಕ ನಿಂತೈತಲ್ಲ, ಬಂದು ಹಾಕಿಕೊಡು." ನನಗೆ ಧೈರ್ಯವಿರಲಿಲ್ಲ. ಅವಳು ಬಿಡಲಿಲ್ಲ. ಡಿಸೈನುಗಳನ್ನೆಲ್ಲ ಮೂರು ಪೆನ್‌ಡ್ರೈವಿಗೆ ಹಾಕಿ ತೆಗೆದಿಟ್ಟುಕೊಂಡು, ಪಕ್ಕದಲ್ಲಿ ಕುರ್ಚಿ ಎಳೆದು ಕೂತಳು. ಬೂಟ್‌ಲೋಡರ್ ಎಲ್ಲಿಗೆ ಎಂಬ ಆ ಪ್ರಶ್ನೆ ಬಂದಾಗ ಇಬ್ಬರೂ ನಾನು ಆರಿಸಿದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದೆವು.

"ಕೊನಿಗೆ ಅಂಕಿ ಐತೇನು?" ಎಂದಳು.

"ಇಲ್ಲ."

"ಒತ್ತು ಮತ್ತ."