ಇಸ್ಪೀಟಾಸುರ ಯಾರು

ಮಾವ, ನಾನು ನಿಮಗೆ ಸುಳ್ಳು ಹೇಳಿದೆ. ಇಸ್ಪೀಟಾಸುರ ನೀವೇ. ಮಕ್ಕಳ ಮಾಸಪತ್ರಿಕೆಗೆ ನಾನು ಬರೆಯುತ್ತಿದ್ದ ಚಿತ್ರಕಥೆಯ ಆ ಖಳ — ಇಸ್ಪೀಟೆಲೆಗಳ ನಿಲುವಂಗಿ ತೊಟ್ಟವನು, ಎಕ್ಕ ಎಸೆದು ಸೇತುವೆ ತುಂಡರಿಸುವವನು, ಸಿಕ್ಕವರ ಆಯುಸ್ಸನ್ನೇ ಪಣಕ್ಕಿಡಿಸಿ ಗೆಲ್ಲುವವನು — ಅವನ ಉದ್ದ ಮೂಗು, ಎಲೆ ಹಾಕುವ ಮೊದಲು ಹಣೆಗೊತ್ತಿಕೊಳ್ಳುವ ಚಾಳಿ, ಕೊನೆಗೆ ಅವನ ಮಾತು ಕೂಡ ನಿಮ್ಮಿಂದ ಎತ್ತಿಕೊಂಡದ್ದು. ಕೇಳಿ ತೆಗೆದುಕೊಂಡದ್ದಲ್ಲ.

ಕಳಸದಾಚೆಯ ನಿಮ್ಮ ಮನೆಗೆ ಯಾರೇ ಬರಲಿ — ಕರೆಂಟ್ ಮೀಟರ್ ನೋಡುವವರು, ತೋಟದ ಮೇಸ್ತ್ರಿ, ರಜೆಗೆ ಬಂದ ನಾನು — ಎದ್ದು ಹೊರಟರೆ ಸಾಕು, ನೀವು ಎಲೆ ಕಲಸುತ್ತ ಹೇಳುತ್ತಿದ್ದಿರಿ: “ಒಂದಾಟ ಆಡ್ಕಂಡು ಹೋಗು ಮಾರಾಯ.” ದುಡ್ಡಿನ ಆಟವೇ ಅಲ್ಲ ಅದು. ಪಣಕ್ಕೆ ಕಾಫಿ ಬೀಜ. ಗೆದ್ದವರ ಬೀಜವೂ ಕೊನೆಗೆ ನಿಮ್ಮ ಡಬ್ಬಿಗೇ. ಅತ್ತೆ ಹೋದ ಮೇಲೆ ಆ ಮನೆಯಲ್ಲಿ ಸಂಜೆ ಕಳೆಯುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಆ ಮಾತನ್ನು ಖಳನ ಬಾಯಿಗೆ ಹಾಕಿದೆ. ಬಸ್ಸು ತಪ್ಪಿಸಿಬಿಡುತ್ತಾನಲ್ಲ ಈ ಮುದುಕ — ಎಂದು ಎಷ್ಟೋ ಸಲ ಸಿಡುಕಿದ್ದೆನಲ್ಲ, ಆ ಸಿಡುಕೂ ಅದರಲ್ಲಿತ್ತು.

ಮೂಡಿಗೆರೆಯ ಬೀದಿಯಲ್ಲಿ ಮಕ್ಕಳು ಅದೇ ಮಾತು ಕೂಗಿಕೊಂಡು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡುವುದನ್ನು ಕಂಡು ಉಬ್ಬಿಹೋದೆ. ಎಂಥಾ ಕಲ್ಪನೆ ಎಂದು ಸಂಪಾದಕರು ಹೊಗಳಿದರು. ಎಲ್ಲಿಂದ ಹೊಳೆಯಿತು ಎಂದು ಕೇಳಿದವರಿಗೆಲ್ಲ — ಹೀಗೇ, ತಲೆಗೆ ಬಂತು, ಎನ್ನುತ್ತಿದ್ದೆ.

ಆಮೇಲೆ ತಂಗಿಯ ಮದುವೆ. ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ನನ್ನನ್ನು ಚಪ್ಪರದ ಪಕ್ಕಕ್ಕೆ ಕರೆದಿರಿ. ನೀವು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

“ಆ ಇಸ್ಪೀಟಾಸುರ — ಅದು ನಾನೇ ಅಲ್ವೇನೇ?”

“ಛೆ, ಅಲ್ಲ ಮಾವ. ನೀವ್ಯಾಕೆ ಆಗ್ತೀರಿ? ಅದು ನನ್ ಕಲ್ಪನೆ.”

ನಿಮ್ಮ ಮುಖ ಸಪ್ಪಗಾಯಿತು. ಹೌದಾ, ಸರಿ ಬಿಡು, ಎಂದಿರಿ. ಬಚಾವಾದೆ ಎಂದುಕೊಂಡೆ. ನೊಂದಿದ್ದರು, ಒಂದು ಸುಳ್ಳು ಹೇಳಿ ಸಮಾಧಾನ ಮಾಡಿದೆ — ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ಕಲ್ಪನೆ ನನ್ನದು ಎಂಬ ಹೆಸರನ್ನು ನಿಮಗೂ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಇನ್ನೊಬ್ಬರು ಎಲ್ಲಿ ಗುರುತು ಹಿಡಿಯುತ್ತಾರೋ ಎಂದು ಹೆದರಿ, ಮುಂದಿನ ಸಂಚಿಕೆಯಲ್ಲೇ ಅವನನ್ನು ದೇವರಮನೆ ಗುಡ್ಡದಿಂದ ಕೆಳಗೆ ಬೀಳಿಸಿ ಕಥೆ ಮುಗಿಸಿದೆ.

ಅಲ್ಲಿಂದಾಚೆಗೆ ನಾನು ಎದ್ದು ಹೊರಟರೆ ನೀವೂ ಏಳುತ್ತೀರಿ. ಚಪ್ಪಲಿ ಹಾಕಿಕೊಳ್ಳುವವರೆಗೆ ಬಾಗಿಲಲ್ಲಿ ನಿಂತಿರುತ್ತೀರಿ. ಹೋಗಿ ಬಾ ಎನ್ನುತ್ತೀರಿ, ಅಷ್ಟೇ. ಕೋಪವಿರಬೇಕು ಎಂದುಕೊಂಡು ನಾನು ಬರುವುದನ್ನೇ ಕಡಿಮೆ ಮಾಡಿದೆ. ಒಂಟಿ ಮನುಷ್ಯನನ್ನು ಇನ್ನಷ್ಟು ಒಂಟಿ ಮಾಡಿದೆ.

ಕಳೆದ ವಾರ ಕಳಸದ ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆ ಅಂಗಡಿಯವರು ಗುರುತು ಹಿಡಿದು ನಿಲ್ಲಿಸಿದರು. ನೀವು ತಿಂಗಳು ತಿಂಗಳು ಬಂದು ಸಂಚಿಕೆ ಕೊಳ್ಳುತ್ತಿದ್ದಿರಂತೆ. ಅಲ್ಲೇ ಪುಟ ಬಿಡಿಸಿ, ಬಂದವರಿಗೆಲ್ಲ ತೋರಿಸಿ — ನಮ್ಮ ಹುಡುಗಿ ನನ್ನನ್ನ ಬರೆದಿದ್ದಾಳೆ, ಮೂಗು ನೋಡಿ ಬೇಕಾದರೆ — ಎನ್ನುತ್ತಿದ್ದಿರಂತೆ. ಮದುವೆ ಮುಗಿಸಿಕೊಂಡು ಹೋದವರು ಒಂದು ದಿನ ಅಂಗಡಿಗೆ ಬಂದು, ಏನೂ ಕೊಳ್ಳದೆ ನಿಂತು, ಹೇಳಿದಿರಂತೆ:

“ಅದು ನಾನಲ್ವಂತೆ ಮಾರಾಯ. ನಾನೇ ಸುಮ್ನೆ ಹಂಗಂದ್ಕಂಡಿದ್ದು.”

ಅಂಗಡಿಯವರು ನಗುತ್ತಲೇ ಹೇಳಿದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಖಳನೋ, ರಾಕ್ಷಸನೋ — ಯಾರೋ ಒಬ್ಬರು ನಿಮ್ಮನ್ನು ಅಷ್ಟು ಹತ್ತಿರದಿಂದ ನೋಡಿದ್ದಾರೆ ಎಂಬುದೇ ನಿಮಗೆ ಸಾಕಾಗಿತ್ತು. ಅದನ್ನೂ ಕಿತ್ತುಕೊಂಡೆನಲ್ಲ.

ಭಾನುವಾರ ಬರುತ್ತೇನೆ ಮಾವ. ಮೊದಲು ಆ ಅಂಗಡಿಯವರಿಗೆ ನಿಜ ಹೇಳಿ, ಆಮೇಲೆ ನಿಮ್ಮ ಮುಂದೆ ಕೂತು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಬೈದರೆ ಬೈಸಿಕೊಳ್ಳಬಹುದು, ಅದು ಸುಲಭ. ಆದರೆ ನೀವು ಬೈಯುವವರಲ್ಲ. ಖುಷಿಪಟ್ಟುಬಿಡುತ್ತೀರಿ — ನನಗೆ ಅದನ್ನು ನೋಡಲು ಹೆದರಿಕೆ.