ಹುರುಳಿ ಹಾಸಿದ ರಸ್ತೆ

೧೯೯೪ರಲ್ಲಿ ನಾನು ನಮ್ಮ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗದಲ್ಲಿ ಸಹಾಯಕ ನಿರ್ದೇಶಕನಾಗಿದ್ದೆ. ಸೈಕ್ಲಿಂಗ್ ಕ್ಲಬ್ಬಿನ ಹೊಣೆ ಪೂರ್ತಿ ನನ್ನದು. ಹದಿನಾಲ್ಕು ಹುಡುಗರು, ಹನ್ನೊಂದು ಗೇರ್ ಸೈಕಲ್ಲು, ಒಂದು ಹಳೇ ಜೀಪು, ಒಂದು ಬೆತ್ತ. ಬೆತ್ತವನ್ನು ತಮಾಷೆಗೆ ಸೇರಿಸಿದ್ದಲ್ಲ. ಅಭ್ಯಾಸದ ವೇಳೆ ಜೀಪಿನ ಎಡಗಡೆ ಕೂತು, ಹಿಂದೆ ಬಿದ್ದ ಹುಡುಗನ ಮೀನಖಂಡಕ್ಕೆ ಅದರಿಂದ ಬಾರಿಸುತ್ತಿದ್ದೆ. ನನ್ನ ಕೋಚು ನನ್ನನ್ನು ಹಾಗೇ ಬೆಳೆಸಿದ್ದರು. ಕೋಪ ನನಗೆ ಮೂಗಿನ ತುದಿಯಲ್ಲೇ ಇತ್ತು, ಅದಕ್ಕೆ ಶಿಸ್ತು ಅಂತ ಹೆಸರಿಟ್ಟುಕೊಂಡಿದ್ದೆ.

ಆ ವರ್ಷದ ಸೀಸನ್ನಿನಲ್ಲಿ ಮೂರು ಸುತ್ತು ಇಟ್ಟಿದ್ದೆ: ಟ್ರ್ಯಾಕ್, ಟ್ರೇಲ್, ರೋಡ್. ಮೂರರ ಅಂಕಗಳನ್ನೂ ಕೂಡಿಸಿ ಮೊದಲ ಇಬ್ಬರನ್ನು ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಕಳಿಸಬೇಕಿತ್ತು. ಟ್ರ್ಯಾಕ್ ಅಂದರೆ ಸಿಮೆಂಟಿನ ಓರೆ ಗೋಡೆಯ ವೆಲೊಡ್ರೋಮ್ ಅಂದುಕೊಳ್ಳಬೇಡಿ, ನಮಗಿದ್ದದ್ದು ನಾನೂರು ಮೀಟರಿನ ಮಣ್ಣಿನ ಮೈದಾನ. ಅಲ್ಲಿ ಗೆದ್ದವನು ರಂಗನಾಥ, ಶ್ರೀರಂಗಪಟ್ಟಣದ ಅರ್ಚಕರ ಮನೆಯ ಹುಡುಗ, ತೆಳ್ಳಗೆ, ಬೆಳ್ಳಗೆ, ಗಾಳಿ ಹೋದ ಹಾಗೆ ಹೋಗುತ್ತಿದ್ದ. ಎರಡನೆಯವನು ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆಯ ಮಂಜೇಗೌಡ. ಬಿ.ಕಾಂ. ಕೊನೇ ವರ್ಷ. ಅವನು ಎರಡನೆಯವನಾದದ್ದು ಹೇಗೆಂದರೆ, ಕೊನೇ ತಿರುವಿನಲ್ಲಿ ಪಕ್ಕದವನ ಪಕ್ಕೆಗೆ ಮೊಣಕೈಯಿಂದ ತಿವಿದು ಕೆಡವಿದ. ಬಿದ್ದವನ ತುಟಿ ಹರಿದು ಬಾಯಿ ತುಂಬ ರಕ್ತ. ಅಂಕ ಕಳೆಯಬೇಕಾದ ನಾನು ಮಂಜೇಗೌಡನ ಬೆನ್ನು ತಟ್ಟಿ, "ಗಂಡಸು ಅಂದ್ರೆ ಹಿಂಗಿರಬೇಕು" ಅಂದೆ.

ಟ್ರೇಲ್ ಸುತ್ತು, ಅಂದರೆ ಕಚ್ಚಾ ದಾರಿಯ ಓಟ, ಪಾಂಡವಪುರದ ಹತ್ತಿರ ನಾಲೆ ಏರಿಯ ಮೇಲೆ ನಡೆಯಿತು. ಅಲ್ಲಿ ಮಂಜೇಗೌಡನೇ ಮೊದಲು. ದಿನಾ ಎರಡು ಕ್ಯಾನು ಹಾಲು ತುಂಬಿಕೊಂಡು ಡೇರಿಗೆ ಸೈಕಲ್ ತುಳಿದ ಕಾಲು, ಕಲ್ಲು ಕೊರಕಲು ಯಾವುದಕ್ಕೂ ಬಗ್ಗಲಿಲ್ಲ. ಉಳಿದದ್ದು ರೋಡ್ ಸುತ್ತು. ಅದರಲ್ಲಿ ಮೊದಲ ಮೂವರೊಳಗೆ ಬಂದರೆ ಅವನಿಗೆ ತಂಡದಲ್ಲಿ ಜಾಗ, ಆ ಸರ್ಟಿಫಿಕೇಟ್ ಇದ್ದರೆ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಸೀಟು. ಮೇಷ್ಟ್ರಾಗಬೇಕು ಅನ್ನುವುದು ಅವನ ಆಸೆ. ಕೊನೇ ವರ್ಷವಾದ್ದರಿಂದ ಇನ್ನೊಂದು ಅವಕಾಶ ಇರಲಿಲ್ಲ.

ರೋಡ್ ರೇಸು ಶ್ರೀರಂಗಪಟ್ಟಣದಿಂದ ಪಾಂಡವಪುರ, ಜಕ್ಕನಹಳ್ಳಿ ಹಾದು ನಾಗಮಂಗಲಕ್ಕೆ, ಹೆಚ್ಚುಕಮ್ಮಿ ಐವತ್ತೈದು ಕಿಲೋಮೀಟರು. ಅಕ್ಟೋಬರಿಗೆ ಗೊತ್ತುಮಾಡಿದ್ದೆ. ಜೀಪಿನಲ್ಲಿ ಹೋಗಿ ದಾರಿಯನ್ನೂ ನೋಡಿ ಬಂದಿದ್ದೆ, ರಸ್ತೆ ಚೊಕ್ಕಟವಾಗಿತ್ತು. ಅಷ್ಟರಲ್ಲಿ ಪರೀಕ್ಷೆ ಮುಂದಕ್ಕೆ ಹೋಗಿ, ರೇಸು ಸಂಕ್ರಾಂತಿ ಕಳೆದ ವಾರಕ್ಕೆ ಬಿತ್ತು. ಮತ್ತೊಮ್ಮೆ ದಾರಿ ನೋಡಿ ಬನ್ನಿ ಎಂದು ಡ್ರೈವರು ಹೇಳಿದ್ದಕ್ಕೆ, "ಟಾರು ರೋಡು ಎದ್ದು ಓಡಿ ಹೋಗ್ತದೇನಯ್ಯ" ಎಂದು ನಕ್ಕಿದ್ದೆ.

ರೇಸಿನ ದಿನ ಬೆಳಿಗ್ಗೆ ಏಳಕ್ಕೆ ಹನ್ನೊಂದು ಹುಡುಗರು ಗೆರೆಯ ಹಿಂದೆ ನಿಂತಿದ್ದರು. ಬಾವುಟ ಬೀಸಲು ಅತಿಥಿಗಳು ಬಂದಾಗಿತ್ತು. ಮಂಜೇಗೌಡ ಸೈಕಲ್ ಬಿಟ್ಟು ನನ್ನ ಹತ್ತಿರ ಬಂದ.

"ಸಾರ್, ಈಗ ಒಕ್ಕಣೆ ಟೈಮು. ಜಕ್ಕನಹಳ್ಳಿ ದಾಟುದ್ಮೇಲೆ ರೋಡ್ ತುಂಬ ಉಳ್ಳಿ ಹಾಕಿರ್ತಾರೆ. ಜೀಪು ಮುಂದೆ ವೋಗ್ಲಿ ಸಾರ್, ಇಳಿಜಾರಲ್ಲಿ ಕಷ್ಟ ಆಯ್ತದೆ."

ಹುರುಳಿಗೆ ನಮ್ಮ ಕಡೆ ಹುಳ್ಳಿ, ಉಳ್ಳಿ ಅನ್ನುತ್ತಾರೆ. ಕಿತ್ತು ಒಣಗಿಸಿದ ಗಿಡವನ್ನು ಟಾರು ರಸ್ತೆಯ ಮೇಲೆ ಮೊಣಕಾಲುದ್ದ ಹರಡಿಬಿಟ್ಟರೆ, ಬಸ್ಸು ಲಾರಿ ಹತ್ತಿ ಹತ್ತಿ ಕಾಳು ತಾನೇ ಉದುರುತ್ತದೆ. ಎತ್ತು ಕಟ್ಟಿ ಕಣದಲ್ಲಿ ತುಳಿಸುವ ಕೆಲಸ ತಪ್ಪುತ್ತದೆ. ನಾನೂ ಕಣದ ಹುಲ್ಲಿನಲ್ಲಿ ಹೊರಳಾಡಿ ಬೆಳೆದವನೇ, ನನಗೆ ಗೊತ್ತಿರಲಿಲ್ಲವೆಂದರೆ ಯಾರೂ ನಂಬುವುದಿಲ್ಲ. ಆದರೆ ಅತಿಥಿಗಳ ಮುಂದೆ ಒಬ್ಬ ಹುಡುಗ ನನಗೆ ಬುದ್ಧಿ ಹೇಳುತ್ತಿದ್ದಾನೆ ಅನ್ನುವುದಷ್ಟೇ ನನ್ನ ತಲೆಗೆ ಹೋಯಿತು. ಎಡಗೆನ್ನೆಗೆ ಒಂದು ಬಿಟ್ಟೆ. "ರೇಸಿಗೆ ಬಂದಿದ್ಯೋ, ರೋಡು ಗುಡಿಸೋಕೆ ಬಂದಿದ್ಯೋ?" ಅಂದೆ. ಹುಡುಗರು ನಕ್ಕರು. ಅವನು ಕೆನ್ನೆ ಒರೆಸಿಕೊಂಡು ಹೋಗಿ ಗೆರೆಯ ಹಿಂದೆ ನಿಂತ.

ಜೀಪು ಹಿಂದೆಯೇ ಹೋಯಿತು. ಮುಂದೆ ಹೋದರೆ ಬೆತ್ತ ಬೀಸುವುದು ಹೇಗೆ?

ಪಾಂಡವಪುರದವರೆಗೆ ಎಲ್ಲರೂ ಒಟ್ಟಾಗಿಯೇ ಇದ್ದರು. ಇದಕ್ಕೆ ಬಂಚ್ ಅನ್ನುತ್ತೇವೆ. ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವನು ಅವನ ಚಕ್ರಕ್ಕೆ ಒಂದು ಗೇಣು ಬಿಟ್ಟು ತುಳಿಯುತ್ತಾನೆ. ಮುಂದಿನವನು ಬಿದ್ದರೆ ಹಿಂದಿನವರಿಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಜಕ್ಕನಹಳ್ಳಿ ದಾಟಿ ಇಳಿಜಾರು ಹಿಡಿದಾಗ ಜೀಪಿನ ಮುಳ್ಳು ಐವತ್ತರ ಹತ್ತಿರ ಇತ್ತು. ರಂಗನಾಥ ಎಲ್ಲರಿಗಿಂತ ಮುಂದೆ. ಮಂಜೇಗೌಡ ಮಾತ್ರ ಬೇಕೆಂದೇ ಹಿಂದೆ ಉಳಿದು ಬ್ರೇಕ್ ಹಿಡಿಯುತ್ತಿದ್ದ. ನಾನು ಬೆತ್ತ ಹೊರಗೆ ಚಾಚಿ ಅವನನ್ನು ಬೈಯುತ್ತಿದ್ದೆ. ತಿರುವು ಬಂತು.

ರಸ್ತೆ ಕಾಣಲಿಲ್ಲ, ಹುರುಳಿ ಕಂಡಿತು. ಹೆಬ್ಬೆರಳಗಲದ ಟಯರುಗಳು ಅದರೊಳಗೆ ನುಗ್ಗಿದವು. ಒಣಬಳ್ಳಿ ಚೈನಿಗೂ ಗೇರಿಗೂ ಸುತ್ತಿಕೊಂಡು ಚಕ್ರ ಕಚ್ಚಿ ನಿಂತಿತು. ರಂಗನಾಥ ಹ್ಯಾಂಡಲ್ ಮೇಲಿಂದ ಹಾರಿ ಭುಜ ಊರಿ ಬಿದ್ದ. ಅವನ ಮೇಲೆ ಒಬ್ಬ, ಅವನ ಮೇಲೆ ಇನ್ನೊಬ್ಬ. ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು ನಿಲ್ಲುವಷ್ಟರಲ್ಲಿ ಏಳು ಜನ ಕೆಳಗಿದ್ದರು. ರಂಗನಾಥನ ಕೊರಳೆಲುಬು ಚರ್ಮವನ್ನು ಒಳಗಿನಿಂದ ಎತ್ತಿ ಹಿಡಿದಿತ್ತು. ಅವನು ಅಮ್ಮಾ ಎಂದು ಕಿರುಚುತ್ತಿದ್ದ. ಮಂಜೇಗೌಡ ಪಕ್ಕದ ಮಣ್ಣಿನಲ್ಲಿ ಹಾದು ಮುಂದೆ ಹೋಗಿದ್ದರೆ ಆವತ್ತಿನ ರೇಸು ಅವನದೇ ಆಗುತ್ತಿತ್ತು. ಅವನು ಇಳಿದು ಬಿದ್ದವರನ್ನು ಎಳೆಯತೊಡಗಿದ.

ಹುಲ್ಲು ತಿರುವುವ ಕವೆಗೋಲು ಬಿಸಾಕಿ ಒಬ್ಬ ಮುದುಕ ಓಡಿ ಬಂದ. ಆ ಹುರುಳಿ ಹರಡಿದವನು ಅವನೇ. ಹೆಸರು ಜವರೇಗೌಡ ಎಂದು ಆಮೇಲೆ ತಿಳಿಯಿತು. "ಅಯ್ಯೋ ಶಿವ್ನೇ, ಏಟಾಯ್ತಾ ಮಗ" ಎನ್ನುತ್ತ ರಂಗನಾಥನನ್ನು ಎತ್ತಲು ಬಗ್ಗಿದ. ಅಷ್ಟರಲ್ಲಿ ನಾನು ಜೀಪಿನಿಂದ ಹಾರಿದ್ದೆ. "ರೋಡು ನಿಮ್ಮಪ್ಪಂದೇನೋ?" ಎಂದು ಆ ಮುದುಕನ ಕೆನ್ನೆಗೆ ಹೊಡೆದೆ. ಅಪ್ಪನ ವಯಸ್ಸಿನವನು. ತಲೆಗೆ ಸುತ್ತಿದ್ದ ಟವಲ್ಲು ಹಾರಿ ಹೋಗಿ, ಹುರುಳಿಯ ಮೇಲೆ ಕುಂಡೆಯೂರಿ ಕೂತ.

ಅವನ ಮಗ ಬೋರೇಗೌಡ ಹತ್ತು ಮಾರು ದೂರದಲ್ಲಿ ನಿಂತು ಅದನ್ನು ನೋಡಿದ. ಕವೆಗೋಲು ಎತ್ತಿಕೊಂಡು ಬಂದು ನನ್ನ ಪಕ್ಕೆಗೆ ಬೀಸಿದ. ಉಸಿರೇ ನಿಂತು ನಾನು ಮಂಡಿಯೂರಿದೆ. ಎರಡನೆಯ ಏಟಿಗೆ ಅವನು ಕೈ ಎತ್ತಿದಾಗ ಮಂಜೇಗೌಡ ಸೈಕಲ್ಲಿನಿಂದ ಕಬ್ಬಿಣದ ಪಂಪು ಕಿತ್ತು ಅವನ ಹಣೆಗೆ ಬಾರಿಸಿದ. ತೆಂಗಿನಕಾಯಿ ಒಡೆದ ಸದ್ದು. ಬೋರೇಗೌಡನ ಮುಖ ಕೆಂಪು ಬಟ್ಟೆ ಮುಚ್ಚಿದ ಹಾಗಾಯಿತು.

ಆಮೇಲೆ ನಡೆದದ್ದನ್ನು ಜಗಳ ಅನ್ನುವುದಿಲ್ಲ. ಹೊಲಗಳಿಂದ ಮೂವತ್ತು ನಲವತ್ತು ಜನ ಬಂದುಬಿಟ್ಟರು. ಸಿಕ್ಕಿದವರಿಗೆ ಸಿಕ್ಕಿದ್ದರಲ್ಲಿ ಹೊಡೆದರು. ಕೆಳಗೆ ಬಿದ್ದಿದ್ದ ಹುಡುಗರ ಕೈ ತುಳಿದರು. ಹೆಂಗಸರು ಬೀಸಿದ ಕಲ್ಲಿಗೆ ಜೀಪಿನ ಗಾಜೆಲ್ಲ ಪುಡಿಯಾಗಿ ಹುರುಳಿಯ ಮೇಲೆ ಸುರಿಯಿತು. ನನ್ನ ಮುಂದಿನ ಹಲ್ಲು ಬಾಯಲ್ಲೇ ಮುರಿದು, ಅದನ್ನು ರಕ್ತದ ಜೊತೆ ಉಗಿದೆ. ನನ್ನದೇ ಬೆತ್ತವನ್ನು ಯಾರೋ ಎತ್ತಿಕೊಂಡು ನನ್ನ ಬೆನ್ನಿಗೆ ಬಾರಿಸಿದರು. ಅದು ಎಷ್ಟು ಉರಿಯುತ್ತದೆ ಅಂತ ನನಗೆ ಗೊತ್ತಾದದ್ದು ಆವತ್ತೇ. ಐದಾರು ಜನ ಮಂಜೇಗೌಡನನ್ನು ನಡುರಸ್ತೆಗೆ ಎಳೆದು ಬಡಿಯುತ್ತಿದ್ದರು. ಮೊದಲು ಕೈ ಅಡ್ಡ ಹಿಡಿದಿದ್ದ, ಆಮೇಲೆ ಅದೂ ಇಲ್ಲ. ಇವನು ಸತ್ತ ಅಂದುಕೊಂಡೆ.

ಅದನ್ನು ನಿಲ್ಲಿಸಿದವನು ಜವರೇಗೌಡ. ಎದ್ದು ಬಂದು ಮಂಜೇಗೌಡನ ಮೇಲೆ ಅಡ್ಡ ಬಿದ್ದ. ಒಂದೆರಡು ಏಟು ಅವನಿಗೂ ಬಿದ್ದವು. "ಬುಡ್ರಲಾ, ಸತ್ತೋಯ್ತದೆ ಕೂಸು. ಬೋರನ್ ತಲೆ ನೋಡ್ರಲಾ ಮೊದ್ಲು" ಅಂದ.

ಗಾಜಿಲ್ಲದ ಅದೇ ಜೀಪಿನಲ್ಲಿ ರಂಗನಾಥ, ಬೋರೇಗೌಡ, ಮಂಜೇಗೌಡ, ನಾನು, ಜವರೇಗೌಡ ಎಲ್ಲರೂ ನಾಗಮಂಗಲದ ಆಸ್ಪತ್ರೆಗೆ ಹೋದೆವು. ಮುದುಕ ನನ್ನ ಎದುರಿಗೇ ಕೂತಿದ್ದ. ಮಗನ ತಲೆ ತೊಡೆಯ ಮೇಲೆ, ಕೆನ್ನೆಯ ಮೇಲೆ ನನ್ನ ಬೆರಳಿನ ಗುರುತು. ಬೋರೇಗೌಡನಿಗೆ ಹನ್ನೊಂದು ಹೊಲಿಗೆ ಬಿತ್ತು. ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು.

ಮಧ್ಯಾಹ್ನ ಠಾಣೆಯಲ್ಲಿ ನಾನು ದೂರು ಬರೆದೆ. ಗ್ರಾಮಸ್ಥರು ರಸ್ತೆಗೆ ಅಡ್ಡಿಪಡಿಸಿದ್ದರು, ಪ್ರಶ್ನಿಸಿದ್ದಕ್ಕೆ ಹಲ್ಲೆ ಮಾಡಿದರು ಎಂದು ಬರೆದೆ. ನಾನು ಹೊಡೆದದ್ದನ್ನು ಬರೆಯಲಿಲ್ಲ. ಆ ವರ್ಷ ನನ್ನ ಬಡ್ತಿ ಬಾಕಿ ಇತ್ತು, ಮರೆತೆ ಅಂತ ಸುಳ್ಳು ಹೇಳುವುದಿಲ್ಲ. ಸಬ್ ಇನ್ಸ್‌ಪೆಕ್ಟರು ಓದಿ, "ಇವರ ಕಡೆ ತಲೆ ಒಡೆದಿದೆ. ಒಡೆದವರು ಯಾರು?" ಅಂದರು. ಊರಿನವರೆಲ್ಲ ಮಂಜೇಗೌಡನ ಕಡೆ ಕೈ ತೋರಿಸಿದರು. ಅವನು ಊದಿದ ಮುಖದಲ್ಲಿ ಗೋಡೆಗೆ ಒರಗಿ ನಿಂತಿದ್ದ. ಕೇಸಾದರೆ ತಂಡವೂ ಇಲ್ಲ, ಸೀಟೂ ಇಲ್ಲ, ಮೇಷ್ಟ್ರ ಕೆಲಸವೂ ಇಲ್ಲ. ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಸಿಟ್ಟು ಬಂದು ಸುಮ್ಮನಿರುತ್ತಿದ್ದೆನೋ ಏನೋ.

"ಸಾರ್, ಇದರಲ್ಲಿ ಒಂದು ಮಾತು ಬಿಟ್ಟಿದ್ದೀನಿ" ಅಂದೆ. "ಮೊದಲು ಕೈ ಎತ್ತಿದವನು ನಾನು. ಈ ಯಜಮಾನರ ಕೆನ್ನೆಗೆ ಹೊಡೆದೆ. ಹುಡುಗ ನನ್ನನ್ನು ಉಳಿಸೋಕೆ ಬಂದ."

ಸಬ್ ಇನ್ಸ್‌ಪೆಕ್ಟರು ಮುದುಕನ ಕಡೆ ತಿರುಗಿದರು. ಅವನು ಟವಲ್ಲನ್ನು ಕೆನ್ನೆಯವರೆಗೆ ಎಳೆದುಕೊಂಡ. "ನಂಗ್ಯಾರೂ ಒಡ್ದಿಲ್ಲ ಸಾಮಿ. ಉಳ್ಳಿ ಮೇಲೆ ಜಾರ್ ಬಿದ್ದೆ" ಅಂದ. ಬೋರೇಗೌಡ ತಲೆಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದವನು, ಎಲ್ಲ ಕಂಡಿದ್ದರೂ, ಬಾಯಿ ಬಿಡಲಿಲ್ಲ. ಅಪ್ಪ ಏಟು ತಿಂದ ಎಂದು ಠಾಣೆಯ ಕಾಗದದಲ್ಲಿ ಬರೆಸಲು ಯಾವ ಮಗ ಒಪ್ಪುತ್ತಾನೆ? ನನ್ನ ತಪ್ಪೊಪ್ಪಿಗೆ ಯಾರಿಗೂ ಬೇಕಾಗಿರಲಿಲ್ಲ. ನಾಳೆ ಸಂಜೆಯವರೆಗೆ ಕಾಯುತ್ತೇನೆ, ರಾಜಿಯಾದರೆ ಆಯಿತು, ಇಲ್ಲವಾದರೆ ಕೇಸು ಎಂದರು ಸಬ್ ಇನ್ಸ್‌ಪೆಕ್ಟರು.

ಅಂಗಳದಲ್ಲಿ ಮುದುಕ ನನ್ನನ್ನು ಕೈಸನ್ನೆ ಮಾಡಿ ಕರೆದ. "ನೀನ್ ಒಡ್ದಿದ್ದು ರೋಡಲ್ಲಿ, ಜನದ್ ಮುಂದೆ. ಇಲ್ ಯೋಳ್ಬುಟ್ರೆ ಸರಿವೋಯ್ತದಾ? ನಾಳೆ ಒತ್ತಾರೆ ಅಲ್ಲಿಗೇ ಬಾ. ಬಂದ್ರೆ ಈ ಉಡುಗನ್ ಮೇಲೆ ಕೇಸಿರಾಕಿಲ್ಲ."

ಮಾರನೆಯ ಬೆಳಿಗ್ಗೆ ಮಂಜೇಗೌಡನೂ ನಾನೂ ಬಸ್ಸಿಳಿದಾಗ ಊರಿಗೆ ಊರೇ ರಸ್ತೆಯ ಪಕ್ಕ ನಿಂತಿತ್ತು. ಕೆನ್ನೆಗೆ ತಿರುಗಿ ಹೊಡೆಯುತ್ತಾನೆ ಅಂದುಕೊಂಡಿದ್ದೆ. ತಿನ್ನಲು ಸಿದ್ಧನಾಗಿಯೇ ಹೋಗಿದ್ದೆ. ಅವನು ನನ್ನ ಕೈಗೆ ಒಂದು ದೊಣ್ಣೆ ಕೊಟ್ಟ.

"ಉಳ್ಳೀಲೆಲ್ಲ ನಿನ್ ಜೀಪಿನ್ ಗಾಜು ಬಿದ್ದದೆ. ಇನ್ಮೇಲೆ ಇದರ್ ಮೇಲೆ ಗಾಡಿ ಓಡ್ಸಂಗಿಲ್ಲ. ಗಾಜು ಆಯ್ದು, ಕೈಲೇ ಬಡೀಬೇಕು. ಬಡಿ."

ರಸ್ತೆಯ ಪಕ್ಕ ಕೂತು ಗಾಜು ಆಯ್ದೆ. ಬೆರಳು ಕುಯ್ದು ರಕ್ತ ಬಂತು. ಆಮೇಲೆ ಬಡಿದೆ. ಪಕ್ಕೆಯ ಎಲುಬು ಬಿರುಕು ಬಿಟ್ಟಿತ್ತು, ದೊಣ್ಣೆ ಎತ್ತಿದಾಗಲೆಲ್ಲ ಕಣ್ಣು ಕತ್ತಲಿಡುತ್ತಿತ್ತು. ಮಂಜೇಗೌಡ ಇನ್ನೊಂದು ದೊಣ್ಣೆಗೆ ಕೈ ಹಾಕಿದರೆ ಮುದುಕ, "ನೀನ್ ಕೂತ್ಕಳ್ಲಾ, ನಿಂಗಲ್ಲ ಯೋಳಿದ್ದು" ಅಂದ. ಜನ ಮೊದಮೊದಲು ನಕ್ಕರು. ಮಧ್ಯಾಹ್ನದ ಹೊತ್ತಿಗೆ ನಗು ನಿಂತಿತು. ನಾಲ್ಕು ಗಂಟೆಗೆ ಕೊನೆಯ ಕಂತೆ ಮುಗಿದಾಗ ನನ್ನ ಅಂಗೈಯ ಚರ್ಮ ಸುಲಿದು ದೊಣ್ಣೆಗೆ ಅಂಟಿತ್ತು. ಜವರೇಗೌಡ ನನ್ನ ಬಲಗೈ ಹಿಡಿದು ತಿರುವಿ ನೋಡಿದ.

"ಉರೀತದಾ?"

"ಹೂಂ."

"ನಂಗೂ ಇಂಗೇ ಉರೀತು" ಅಂದ. ಮಗನನ್ನು ಕರೆದುಕೊಂಡು ನಮ್ಮ ಜೊತೆಯೇ ಬಸ್ಸು ಹತ್ತಿ, ಸಂಜೆಯೊಳಗೆ ಠಾಣೆಯಲ್ಲಿ ರಾಜಿಗೆ ಹೆಬ್ಬೆಟ್ಟು ಒತ್ತಿದ.

ರೋಡ್ ಸುತ್ತನ್ನು ರದ್ದು ಮಾಡಿದೆ. ಉಳಿದ ಎರಡು ಸುತ್ತಿನ ಅಂಕದ ಮೇಲೆ ಮಂಜೇಗೌಡ ತಂಡ ಸೇರಿದ. ಭುಜಕ್ಕೆ ಪಟ್ಟಿ ಕಟ್ಟಿಕೊಂಡ ರಂಗನಾಥ ರೈಲ್ವೆ ಸ್ಟೇಷನ್ನಿಗೆ ಬಂದು ಅವನನ್ನು ಕಳಿಸಿಕೊಟ್ಟ. ಪದಕ ಬರಲಿಲ್ಲ, ಸರ್ಟಿಫಿಕೇಟ್ ಬಂತು. ಈಗ ಅವನು ತನ್ನ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕ. ನನ್ನ ಬಡ್ತಿ ಮೂರು ವರ್ಷ ತಡವಾಯಿತು, ನಡೆದದ್ದನ್ನೆಲ್ಲ ವಿಶ್ವವಿದ್ಯಾಲಯಕ್ಕೆ ನಾನೇ ಬರೆದುಕೊಟ್ಟಿದ್ದೆ. ಅಲ್ಲಿಂದ ಮುಂದೆ ಯಾವ ರೇಸಿಗೂ ಹಿಂದಿನ ದಿನ ದಾರಿ ನೋಡದೆ ಬಾವುಟ ಬೀಸಲಿಲ್ಲ. ದಾರಿ ನೋಡುವ ಮೊದಲು ಆ ಕಡೆಯ ಹುಡುಗನನ್ನು ಕರೆದು ಕೇಳುತ್ತಿದ್ದೆ. ಇನ್ನು ಯಾರಿಗೂ ಕೈ ಎತ್ತಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ಸಲ ಎತ್ತಿದ್ದೆ. ಅಂಗೈ ನೆನಪಾಗಿ ಇಳಿಸಿದೆ.

ನಾನು ನಿವೃತ್ತನಾದ ದಿನ ಮಂಜೇಗೌಡ ಬಂದಿದ್ದ. ಊಟವಾದ ಮೇಲೆ ಅವನನ್ನು ಪಕ್ಕಕ್ಕೆ ಕರೆದೆ. ಜವರೇಗೌಡನ ಏಟಿಗೆ ಒಂದು ದಿನ ಹುರುಳಿ ಬಡಿದು ತೀರಿಸಿದ್ದೆ. ಇವನದು ಹಾಗೇ ಉಳಿದಿತ್ತು. ಇಷ್ಟು ವರ್ಷ ಬಾಯಿಗೆ ಬಂದು ಬಂದು ನಿಂತ ಮಾತು.

"ಆವತ್ತು ನಿನಗೆ ಹೊಡೆದದ್ದು ನನ್ನ ತಪ್ಪು ಕಣಪ್ಪ, ಕ್ಷಮಿಸು" ಅಂದೆ.

ಅವನು ಹಣೆ ಗಂಟಿಕ್ಕಿ ಯೋಚಿಸಿದ. ಕುಹಕವಿರಲಿಲ್ಲ, ನಿಜವಾಗಿಯೂ ಯೋಚಿಸುತ್ತಿದ್ದ.

"ಯಾವತ್ತು ಸಾರ್? ಬೇಕಾದಷ್ಟು ಸಲ ಒಡ್ದಿದ್ರಲ್ಲ, ಯಾವ್ದು ಅಂತ ಗೊತ್ತಾಗ್ನಿಲ್ಲ."

ಮೂವತ್ತು ವರ್ಷದ ವೃತ್ತಿ ನನಗೆ ಕಲಿಸಿದ್ದು ಆ ಒಂದು ಪ್ರಶ್ನೆಯಲ್ಲಿದೆ. ಅವನು ಮೇಷ್ಟ್ರು, ಮಾರನೇ ದಿನ ಬೆಳಿಗ್ಗೆ ಅವನಿಗೂ ಮೈದಾನದಲ್ಲಿ ಮಕ್ಕಳು ಕಾಯುತ್ತಿರುತ್ತಾರೆ. ಅದಕ್ಕೇ ಸುಮ್ಮನಾಗದೆ, "ಎಲ್ಲದಕ್ಕೂ" ಅಂದೆ.